ಢೋಲಕಿ ಮ್ಯಾಲಿನ ಟಾವೆಲ್

ಮಂಜುಳ ಮೇಳದವ್ರು ಎಷ್ಟ್ ಸಣ್ಣಗ ಹಾಡ್ತಿದ್ರಂದ್ರ, ಅವ್ರು ಹಾಡಾಕ ಕುಂತ್ರ ಗ್ವಾಡಿ ಮ್ಯಾಲಿನ ಹಲ್ಲಿ ಲೊಚಗುಟ್ಟಾಕ ನಾಚ್ಕೋತಿತ್ತು. ಒಂದ್ ಸಲ ಹಾಡಿನ ನಡುವ ಢೋಲಕಿ ಬಾರ್ಸಾಂವನ ಮೂಗಿನ ಮ್ಯಾಲ ನೊಣ ಬಂದು ಕುಂತಿತ್ತು. ಅದು ಹಾರಿ ಹೋಗಾಕ ರೆಕ್ಕಿ ಬಿಚ್ಚಿದ ಕೂಡ್ಲೇ ಎಲ್ಲಾರೂ ಅದರ ಕಡೆ ಕಣ್ ಕೆಕ್ಕರಿಸಿ ನೋಡಿದ್ರು. ಪಾಪ, ನಡ್ಕೋತ ಇಳಿದು ಹೋತು.

ಮೇಳ ಅಂದ್ರ ಮೂರೇ ಮಂದಿ. ತಾಳ ಹಿಡದು ಹಾಡಾಕಿ ಕುಮುದಿನಿ. ಸೊಲ್ಲಾಪುರ ಕಚೇರ್ಯಾಗ ಹೆಡ್ ಕ್ಲಾರ್ಕ್ ಇದ್ದ ರಾಘವೇಂದ್ರರಾಯರ ಮಗಳು. ಮ್ಯಾಂಡೋಲಿನ್ ಬಾರ್ಸಾಂವ ಅನಂತ, ಆಕಿ ಕಾಕಾನ ಮಗ. ಢೋಲಕಿ ಪಂಢರಿನಾಥ, ಪೋಸ್ಟಿನ್ಯಾಗ ಶಿಕ್ಕಾ ಹೊಡಿಯಾಂವ. ಹಗಲೆಲ್ಲಾ ಧಬಾ ಧಬಾ ಶಿಕ್ಕಾ ಹೊಡದು, ಸಂಜಿಗಿ ಬಂದು ಢೋಲಕಿ ಮ್ಯಾಲ ಟಾವೆಲ್ ಹೊಚ್ಚಿ, ಟಾವೆಲ್ ಮ್ಯಾಲ ಕೈಬಟ್ಟ ಆಡಸ್ತಿದ್ದ. ಕೂಸಿನ ಹೊಟ್ಟಿ ಸವರಿದಂಗ.

ಆ ವರ್ಷ ಎಮರ್ಜನ್ಸಿ ಬಂದಿತ್ತು. ದೇಶಕ್ಕ ದೇಶಾನೇ ಸಣ್ಣಗ ಮಾತಾಡಾಕತ್ತಿತ್ತು. ಆದ್ರ ಮಂಜುಳ ಮೇಳದವ್ರು ಸರಕಾರ ಹೇಳೂಕಿಂತ ಮೊದಲೇ ಸಣ್ಣಗ ಆಗಿದ್ರು. ಯಾಕಂದ್ರ ಅವರ ಮನ್ಯಾಗ ರಾಯರಿದ್ರು.

ರಾಯರು ಕಚೇರಿ ಮುಗಿಸಿ ಬಂದು, ಪಡಸಾಲ್ಯಾಗ ಆರಾಮ ಕುರ್ಚಿ ಮ್ಯಾಲ ಅಡ್ಡಾಗಿ, ಮಾರಿ ಮ್ಯಾಲ ಪೇಪರ್ ಹೊಚ್ಕೊಂಡು ಮಲಗ್ತಿದ್ರು. ಅಡಗಿಮನ್ಯಾಗ ಚಮಚಾ ಬಿದ್ರ ಪೇಪರ್ ಒಳಗಿಂದ "ಯಾರದು" ಅಂತ ದನಿ ಬರ್ತಿತ್ತು. ಕುಮುದಿನಿ ಸಣ್ಣಾಕಿ ಇದ್ದಾಗಿಂದ ಆ ಪೇಪರ್ ಅಲುಗದಂಗ ಹಾಡೂದು ಕಲ್ತಾಕಿ. ಮೂರೂ ಮಂದಿ ಹಿಂದಿನ ಖೋಲ್ಯಾಗ ಕುಂತು ಹಾಡ್ತಿದ್ರು. ದನಿ ನಡುಮನಿ ತನಕಾ ಬಂದು, ಸುಸ್ತಾಗಿ, ಅಲ್ಲೇ ಕುಂತುಬಿಡ್ತಿತ್ತು.

ಆ ಹಿಂದಿನ ಖೋಲಿಗೆ ಒಂದು ಕಿಡಕಿ. ಕಿಡಕಿ ಹೊರಗ ಸಂದಿ. ಸಂದ್ಯಾಗ ನಾವು.

ನಾವು ಅಂದ್ರ ಗಿರಣಿ ಮಂದಿ. ನಾ ಅಮೋಗಸಿದ್ಧ. ನಾನು, ಬಸಣ್ಣ, ಮಲಕಾಜಪ್ಪ, ಮೂರೂ ಮಂದಿ ಮಗ್ಗದ ಖಾತೆ. ಗುರುಬಾಯಿ ಅಕ್ಕ ನೂಲಿನ ಕಂಡಕಿ ಸುತ್ತೂ ಖಾತೆ. ಮಗ್ಗದ ಖಾತ್ಯಾಗ ಅದೆಂಥಾ ಗದ್ದಲ ಅಂತೀರಿ. ಗಿರಣಿ ಮ್ಯಾಲ ಹಾರೂ ಕಾಗಿಗಿ ತನ್ನ ದನಿ ತನಗೇ ಕೇಳದ, ಕೂಗಿದ್ನೋ ಇಲ್ಲೋ ಅಂತ ಅನುಮಾನ ಬಂದು, ಮತ್ತ ಮತ್ತ ಕೂಗ್ಕೋತ ಹೊಟಗಿ ಊರಿನ ತನಕಾ ಹೋಗ್ತಿತ್ತು. ಅದಕ್ಕ ಒಳಗ ಮಾತು ಅಂದ್ರ ತುಟಿ ಅಷ್ಟೇ. ದನಿ ಇಲ್ಲದ, ಬಾಯಿ ಅಗಲ ಮಾಡಿ, ತುಟಿಲೇ ಆಡೂದು. ಮಗ್ಗದ ಸಾಲಿನ ಆ ತುದಿಲಿಂದ ಬಸಣ್ಣ 'ಡಬ್ಬ್ಯಾಗ ಏನೈತಿ' ಅಂತ ತುಟಿಲೇ ಕೇಳಿದ್ರ, ಈ ತುದಿಲಿಂದ ನಾ 'ಪುಂಡಿಪಲ್ಯೆ' ಅಂತ ತುಟಿಲೇ ಹೇಳ್ತಿದ್ದೆ. ಮುಕಾದಮ ಬೆನ್ನ ಹಿಂದ ನಿಂತು ಬೈದ್ರ ನಮಗ ಅದು ಬೈಗಳ ಅಲ್ಲ. ಮುಂದ ಬಂದು ಬೈದ್ರ ಮಾತ್ರ ಬೈಗಳ. ನನ್ನ ಹೆಂಡತಿ ಗುರಮ್ಮ ಇದನ್ನ ತಿಳ್ಕೊಂಡು, ಸಿಟ್ಟ ಬಂದಾಗ ಮೊದಲ ನನ್ನ ಗದ್ದ ಹಿಡದು ಮಾರಿ ತನ್ನ ಕಡೆ ತಿರುವಿಕೊಂಡು, ಆಮ್ಯಾಲ ಶುರು ಮಾಡ್ತಿದ್ಲು.

ಮೊದಲ ಆ ಕಿಡಕಿ ಕಂಡಾಕಿ ಗುರುಬಾಯಿ ಅಕ್ಕ. ಪಾಳಿ ಬಿಟ್ಟು ವಿಜಾಪುರ ರಸ್ತೆ ಹಿಡಿದು ಬರೂ ಮುಂದ ಸಂದ್ಯಾಗ ನಿಂತುಬಿಟ್ಲು. ಕಿಡಕ್ಯಾಗ ಒಂದು ಹುಡುಗಿ ಹಾಡಾಕತ್ತಾಳ:

ನಳಕ್ಕ ನೀರು ಬಂತೇನವ್ವಾ,
ಕಣ್ಣಿಗಿ ನಿದ್ದಿ ಬಂತು.
ಕೊಡ ತುಂಬೂ ಮೊದಲ ನನಗ
ಕನಸು ತುಂಬಿ ಬಂತು.

"ಇದು ನನ್ನ ಹಾಡೋ ಅಮೋಗ್ಯಾ," ಅಂದ್ಲು ಅಕ್ಕ ಮರುದಿನ. "ನಸಿಕಿನ್ಯಾಗ ನಳದ ಮುಂದ ಕೊಡ ಇಟ್ಟು ತೂಕಡಸಾಕಿ ನಾ. ಈಕೀಗಿ ಯಾರ್ ಹೇಳಿದ್ರು?"

ಯಾರೂ ಹೇಳಿರ್ಲಿಲ್ಲ. ಅನಂತ ಕಟ್ಟಿದ್ದು. ಅವನ ಹಾಡಿನ್ಯಾಗ ದೇವರಿಲ್ಲ, ಸಿನೇಮಾದ ಹೀರೋ ಇಲ್ಲ. ನಳ ಐತಿ, ಒಣಗ ಹಾಕಿದ ಸೀರಿ ಐತಿ, ತಪ್ಪಿ ಹೋದ ಎಸ್‌ಟಿ ಬಸ್ ಐತಿ. ಎಸ್‌ಟಿ ತಪ್ಪಿದ್ದಕ್ಕ ಯಾರರೆ ಹಾಡು ಕಟ್ತಾರೇನು? ಇಂವ ಕಟ್ಟಿದ್ದ. ಅದನ್ನ ಕೇಳಿ ಬಸಣ್ಣ ಬೇಕಂತ ಎರಡು ಎಸ್‌ಟಿ ತಪ್ಪಿಸ್ಕೊಂಡ.

ಹಿಂಗ ನಾವು ಹುಚ್ಚರಾದ್ವಿ. ದಿನಾ ಪಾಳಿ ಬಿಟ್ಟ ಮ್ಯಾಲ ಸಂದ್ಯಾಗ ನಿಲ್ಲೂದು, ಹಾಡು ಮುಗಿದ ಮ್ಯಾಲ ಮೂಲಿ ಚಹಾದ ಅಂಗಡ್ಯಾಗ ಕುಂತು ಜಗಳ ತಗಿಯೂದು. ಗಿರಣಿ ಮಂದಿ ಹೊರಗ ಬಂದ್ರ ಮಾತಾಡಂಗಿಲ್ಲ, ಒದರ್ತಾರ. ಅಷ್ಟ್ ಸಣ್ಣ ಮೇಳಕ್ಕ ಇಷ್ಟ್ ದೊಡ್ಡ ಗಂಟಲಿನ ಅಭಿಮಾನಿಗಳು ಯಾವ ಊರಾಗೂ ಸಿಕ್ಕಿರಲಿಕ್ಕಿಲ್ಲ.

"ಈಗೇನ್ ಮಜಾ ಉಳದಿಲ್ಲ," ಅಂತಿದ್ದ ಮಲಕಾಜಪ್ಪ. ಅವಂದು ದಿನಾ ಅದೇ ಮಾತು. "ಢೋಲಕಿ ಬರೂಕಿಂತ ಮೊದಲ ಕೇಳಬೇಕಿತ್ತು ನೀವು. ಅದು ಹಾಡು."

"ಢೋಲಕಿ ಬಂದು ಎಂಟು ದಿನಾತು," ಅಂದ ಬಸಣ್ಣ. "ಅದಕ್ಕಿಂತ ಮೊದಲ ನೀ ಕೇಳಿದ್ದೇ ಎರಡು ದಿನ."

"ಆ ಎರಡು ದಿನ ಕೇಳಬೇಕಿತ್ತು."

"ಢೋಲಕಿ ಮ್ಯಾಲ ಟಾವೆಲ್ ಐತಲ್ಲೋ. ನಿನಗೇನ್ ತ್ರಾಸು?"

"ಟಾವೆಲ್ ತಳಗ ಢೋಲಕಿ ಐತಿ ಅಂತ ನನಗ ಗೊತ್ತೈತಲ್ಲ."

ಬಸಣ್ಣಗ ಮ್ಯಾಂಡೋಲಿನ್ ಹುಚ್ಚು. "ಆ ಅನಂತ ತಂತಿಗಿ ಕೈ ಹಚ್ಚಂಗೇ ಇಲ್ಲ ನೋಡು. ಹತ್ತರ ಹೋಗಿ ಸುದ್ದಿ ಹೇಳಿ ಬರ್ತಾನ." ಗುರುಬಾಯಿ ಅಕ್ಕಂದು ಬ್ಯಾರೇನೇ ಲೆಕ್ಕ. "ಹಾಡು ಎಲ್ಲಾ ಬರೋಬ್ಬರಿ. ಹುಡುಗಿ ಗಲ್ಲ ನೋಡ್ರಿ, ಒಳಗ ಹೋಗ್ಯಾವ. ಕಾಮಣಿ ಮನ್ಯಾಗ ಬರೇ ತಿಳಿಸಾರು ಹಾಕ್ತಾರೋ ಏನೋ." ಕಾಮಣಿ ಅಂದ್ರ ಯಾರು ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಅಕ್ಕ ಸಿಟ್ಟಾದ್ರ ಕಾಣದ ಯಾರನ್ನೋ ಹಂಗ ಕರೀತಿದ್ಲು.

ಒಮ್ಮಿ ಪೊಲೀಸನೂ ಬಂದಿದ್ದ. ಎಮರ್ಜನ್ಸ್ಯಾಗ ಸಂದಿ ತುಂಬ ಮಂದಿ ಪಿಟಿಕ್ ಅನ್ನದ ನಿಂತಾರಂದ್ರ ಅವನಿಗೂ ಸಂಶೆ.

"ಏನ್ ನಡದೈತಿ ಇಲ್ಲಿ?"

"ಹಾಡು," ಅಂದ್ವಿ.

"ಎಲ್ಲೈತಿ ಹಾಡು?"

ಬಸಣ್ಣ ಕಿಡಕಿ ತೋರ್ಸಿದ. ಪೊಲೀಸ ಟೊಪಗಿ ತಗದು ಕಿವಿ ಕೊಟ್ಟ, ಟೊಪಗಿ ಹಾಕ್ಕೊಂಡು ಕಿವಿ ಕೊಟ್ಟ. "ಘೋಷಣಾ ಕೂಗಿದವ್ರನ್ನ ಹಿಡೀರಿ ಅಂತ ಹುಕುಂ ಐತಿ. ಸುಮ್ಮ ನಿಂತವ್ರನ್ನ ಏನ್ ಮಾಡ್ಲೆಪ್ಪ ನಾ," ಅಂದವನೇ ಹೋದ.

ಹಿಂಗ ಸುಖದಾಗ ಇದ್ವಿ. ಶ್ರಾವಣ ಮುಗಿಯೂ ಮುಂದ ಒಂದಿನ ಕಿಡಕಿ ಬಂದ್ ಇತ್ತು. ಅನಂತ ಸುತ್ತ ಹಾಕಿ ಸಂದಿಗಿ ಬಂದ. ಮಾರಿ ಒಣಗಿಸಿದ ಹೀರಿಕಾಯಿ ಆಗಿತ್ತು.

"ಕಾಕಾಗ ತಿಳದದ," ಅಂದ. "ಕಿಡಕಿ ಹೊರಗ ಮಂದಿ ನಿಲ್ತಾರ ಅಂತ ಯಾರೋ ಹೇಳ್ಯಾರ. ಮೇಳ ಬಂದ್ ಅಂದ್ರು. ಕುಮುದಿ ಒಂದು ದಿನ ಉಂಡಿಲ್ಲ. ಕಡೀಕ ಒಂದು ಶರತ್ ಹಾಕ್ಯಾರ. ಅಕ್ಕಲಕೋಟಿನ್ಯಾಗ ಕಾಕಾನ ದೋಸ್ತ ಒಬ್ರು ಜವಳಿ ಶೆಟ್ರು ಇದ್ದಾರಲ್ಲ, ಅವರ ಪೇಟಿ ಗಣಪತಿ ಮುಂದ ಒಂದು ಕಾರ್ಯಕ್ರಮ. ಮಂದಿ ಕಡೀ ಹಾಡಿನ ತನಕಾ ಕೂತು ಕೇಳಿದ್ರ ಆಕಿ ಹಾಡ್ಕೋತ ಇರಬಹುದು. ನಡುವ ಎದ್ದು ಹೋದ್ರ ಮುಗೀತು, ಮತ್ತ ಹೆಸರು ತಗೀಬಾರದು."

"ಹಿಂಗ್ಯಾಕ್ರಿ ಅವ್ರು?" ಅಂದೆ ನಾ.

"ನಿನ್ನ ದನಿ ಮನ್ಯಾಗ ನನಗೇ ಕೇಳಸಂಗಿಲ್ಲ, ಊರಿಗೇನ್ ಕೇಳಸ್ತದ, ಅಂತಾರ."

ಅಕ್ಕಲಕೋಟಿ ಪೇಟಿ ಮಂದಿ ನಮಗ ಗೊತ್ತಿತ್ತು. ವ್ಯಾಪಾರದ ಮಂದಿ. ಬ್ಯಾಸರಾತಂದ್ರ ದೇವರಿಗೂ ಕೈ ಮುಗದು 'ಬರ್ತೀವ್ರಿ' ಅಂತ ಎದ್ದು ಹೋಗಾವ್ರು.

ಆ ದಿನ ಚಹಾದ ಅಂಗಡ್ಯಾಗ ಜಗಳ ಇಲ್ಲ. ಚಹಾ ಆರಿ ಕೆನಿ ಕಟ್ಟಿತು. ಕಡೀಕ ಬಸಣ್ಣ ಟೇಬಲ್ ಬಡದ. "ಮೈಕ್ ತರೂಣು. ಚಪಳಗಾಂವದಾಗ ನಮ್ಮ ಭಾವ ಮೈಕ್ ಇಟ್ಟಾನ. ಅವನ ಲೌಡ್‌ಸ್ಪೀಕರ್ ಕರ್ಣಾ ಹಚ್ಚಿದ್ರ ಚಪಳಗಾಂವದ ಲಗ್ನಕ್ಕ ಮೈಂದರಗಿ ಮಂದಿ ಆಹೇರ ಹಿಡ್ಕೊಂಡು ಬರ್ತಾರ."

"ಮೈಕ್ ಹಚ್ಚಿದ್ರ ಅದು ಮಂಜುಳ ಮೇಳಾನೇ ಅಲ್ಲ," ಅಂದ ಮಲಕಾಜಪ್ಪ. "ಅದರಕಿಂತ ಬಂದ್ ಆಗಿದ್ದು ಬೇಷಿ. ನಾವು ನೆನಿಸ್ಕೋತ ಇರೂಣು."

"ನಿನ್ನ ಮಜಾ ಉಳೀಬೇಕೋ, ಆ ಹುಡುಗಿ ಹಾಡು ಉಳೀಬೇಕೋ?" ಅಂದ್ಲು ಗುರುಬಾಯಿ ಅಕ್ಕ. ಮಲಕಾಜಪ್ಪ ಆರಿದ ಚಹಾ ಕುಡದ. ಮೈಕ್ ಕಾಯಂ ಆತು.

ಕಾರ್ಯಕ್ರಮದ ದಿನ ಅರ್ಧ ಪಾಳಿ ರಜಾ ಹಾಕಿ, ಗಿರಣಿಲಿಂದ ಒಂದು ಎಸ್‌ಟಿ ತುಂಬ ಮಂದಿ ಹೋದ್ವಿ. ನಾವು ಒದರಾಡೂ ಸಪ್ಪಳಕ್ಕ ಡ್ರೈವರ್ ದಾರಿ ತುಂಬ ಹಾರ್ನ್ ಬಾರ್ಸಲಿಲ್ಲ, ಬೇಕಾಗಲಿಲ್ಲ. ಮಂಟಪಕ್ಕ ಎಲ್ಲಾರಿಗಿಂತ ಮೊದಲ ಮುಟ್ಟಿ, ಸ್ಟೇಜಿನ ಬುಡಕ್ಕೇ ಜಮಖಾನಿ ಹಿಡದು ಕುಂತ್ವಿ. ನಮ್ಮ ಹಿಂದ ಪೇಟಿ ಮಂದಿ, ಹೆಣ್ಣಮಕ್ಕಳು, ಕೂಸು ಕುನ್ನಿ. ಎಲ್ಲಾರಿಗಿಂತ ಹಿಂದ ಕುರ್ಚಿ ಮ್ಯಾಲ ಶೆಟ್ರು, ಅವರ ಬಾಜೂ ರಾಯರು. ಮಡಿಚಿದ ಪೇಪರ್ ತೊಡಿ ಮ್ಯಾಲ ಇತ್ತು.

ಬಸಣ್ಣನ ಭಾವ ಮೈಕ್ ತಂದು ನಿಲ್ಲಿಸಿದ. ಮೈಕ್ ಅಂದ್ರ ಸಣ್ಣ ಕುಂಬಳಕಾಯಿ. ಅದಕ್ಕ ಮತ್ತ ಕೆಂಪು ಬಟ್ಟಿ ಸುತ್ತಿದ್ದ. "ತಂಗೀ, ಬಾಯಿ ಅದಕ್ಕ ಹಚ್ಚಿ ಹಾಡಬೇಕು," ಅಂದ. ಕುಮುದಿನಿ ಹೇಳಿದಂಗ ಮಾಡಿದ್ಲು. ತಳಗ ಕುಂತ ನಮಗ ಕಂಡಿದ್ದು ಎರಡು ಕಣ್ಣು, ಒಂದು ಕುಂಕುಮ, ಒಂದು ಕುಂಬಳಕಾಯಿ.

ಅನಂತನ ಕೈ ಆಡಿತು. ಟಾವೆಲ್ ಅಲುಗಿತು. ಆಮ್ಯಾಲ ಏನೂ ಇಲ್ಲ.

ಬಸಣ್ಣ ನನ್ನ ಕಡೆ ತಿರುಗಿ ತುಟಿಲೇ ಕೇಳಿದ, 'ಶುರು ಆತೇನು?'

'ಗೊತ್ತಿಲ್ಲ,' ಅಂದೆ.

ಹಿಂದಿನ ಮಂದಿ ತಲಿ ಹಾಕಾಕತ್ತಿದ್ರು. ಅವರಿಗಿ ಛಂದಂಗ ಕೇಳತಿತ್ತು. ನಮಗ ಕರ್ಣಾದಾಗಿಂದ ಏನೋ ಗುಂಯ್ ಅಂದಂಗ, ಬ್ಯಾರೇ ಊರಿನ ಗಿರಣಿ ಭೋಂಗಾ ಆದಂಗ. ಮಲಕಾಜಪ್ಪ ಎದ್ದು ಒದರಿದ, "ಕೇಳವಲ್ದು." ಅವನ ಹಿಂದ ನಾವೆಲ್ಲಾ ಒದರಿದ್ವಿ.

ಭಾವಗ ಅಪಮಾನ ಆತು. ಗುಂಡಿ ತಿರುವಿದ. ಕೂಸುಗಳು ಅಳಾಕತ್ತಿದ್ವು.

"ಕೇಳವಲ್ದು."

ಭಾವ ಮತ್ತ ತಿರುವಿದ. ಈಗ ಗಣಪತಿ ಮುಂದಿನ ತಾಟಿನ್ಯಾಗ ಕಡಬು ತಾವೇ ಸರದು ಒಂದಕ್ಕೊಂದು ಆತ್ಕೊಂಡು ಕುಂತ್ವು. ಗಣಪತಿಗಿ ಕೈ ನಾಕು ಇದ್ದದ್ದು ಪುಣ್ಯೆ, ಎರಡರೆ ಕಿವಿಗಿ ಹೋಗಿರಬೇಕು.

"ಏ ಭಾವಾ, ಏನೂ ಕೇಳವಲ್ದೋ."

ಭಾವ ಕಣ್ಣು ಮುಚ್ಚಿ ಕಡೀ ತನಕಾ ತಿರುವಿದ. ಕರ್ಣಾ ಕುಂಯ್ ಅಂತ ಸಿಳ್ಳಿ ಹಾಕಿತು. ಹೊರಗ ನಿಂತ ಟಾಂಗಾದ ಕುದುರಿ ಟಾಂಗಾ ಅಲ್ಲೇ ಬಿಟ್ಟು ಓಡಿತು. ನಾವು ಸೊಲ್ಲಾಪುರಕ್ಕ ವಾಪಸ್ ಬರೂದ್ರಾಗ ಅದು ಸ್ಟ್ಯಾಂಡಿನ್ಯಾಗ ನಿಂತು ಹುಲ್ಲು ತಿನ್ನಾಕತ್ತಿತ್ತು.

ಪೇಟಿ ಮಂದಿ ಎದ್ರು. ಹೆಣ್ಣಮಕ್ಕಳು ಕೂಸುಗಳನ್ನ ಬಗಲಾಗ ಏರಿಸಿದ್ರು, ಗಂಡಸರು ಚಪ್ಪಲಿ ಹುಡುಕಾಕತ್ತಿದ್ರು. ರಾಯರು ಪೇಪರ್ ಬಗಲಾಗ ಹಿಡಕೊಂಡು ಎದ್ದು ನಿಂತ್ರು. ಸ್ಟೇಜಿನ ಮ್ಯಾಲ ಕುಂಬಳಕಾಯಿ ಮ್ಯಾಲಿನ ಆ ಎರಡು ಕಣ್ಣು ತುಂಬಿ ಬಂದಿದ್ವು. ಅನಂತ ನಮ್ಮನ್ನ ನೋಡಿದ ನೋಟ, ಬ್ಯಾಡ್ರಿ. ಒದರಾಡಿ ಕಾರ್ಯಕ್ರಮ ಕೆಡಿಸಿದವ್ರು ಯಾರು? ನಾವೇ.

ಆವಾಗ ಗುರುಬಾಯಿ ಅಕ್ಕ ಕಚ್ಚಿ ಬಿಗದು ಸ್ಟೇಜ್ ಹತ್ತಿದ್ಲು. ಕುಮುದಿನಿ ಮುಂದ ನಿಂತು, ಮೈಕಿನ ಬುಡಕ್ಕೇ ಬಾಯಿಟ್ಟು ಕೇಳಿದ್ಲು, "ಯವ್ವಾ, ನಿನ್ನ ಬಾಯಿ ಎಲ್ಲೈತಿ? ಬಾಯಿ ಕಾಣವಲ್ದು, ಹಾಡು ಹ್ಯಾಂಗ ಕೇಳಬೇಕು?"

ಈ ಮಾತು ಮಾತ್ರ ಕರ್ಣಾದಾಗಿಂದ ಇಡೀ ಅಕ್ಕಲಕೋಟಿಗೆ ಕೇಳೀತು.

ನನಗ ತಲ್ಯಾಗ ದೀಪ ಹತ್ತಿದಂಗ ಆತು. ಬಸಣ್ಣ ನನ್ನ ನೋಡಿದ, ನಾ ಮಲಕಾಜಪ್ಪನ್ನ ನೋಡಿದೆ. ಮೂರು ತಿಂಗಳ ಕಿಡಕಿ ಹೊರಗ ನಿಂತು ಜೀವ ಬಿಟ್ಟೀವಿ, ಆ ಹುಡುಗಿ ದನಿ ಹ್ಯಾಂಗೈತಿ ಅಂತ ಒಬ್ಬರಿಗೂ ಗೊತ್ತಿಲ್ಲ. ಕಿವಿಲೇ ಕೇಳಾಕತ್ತೀವಿ ಅಂತ ನಾವು ತಿಳ್ಕೊಂಡಿದ್ವಿ. ಆ ಕಿಡಕಿಲಿಂದ ಸಂದಿಗಿ ಒಂದು ಎಳಿ ದನಿ ಬರ್ತಿರ್ಲಿಲ್ಲ. ಬಂದ್ರೂ, ಮಗ್ಗದ ಗದ್ದಲಕ್ಕ ಮಂದ ಆದ ನಮ್ಮ ಕಿವಿಗಿ ಹತ್ತತಿರ್ಲಿಲ್ಲ. ಎಲ್ಲಾ ತುಟಿಲೇ ಓದಿದ್ದು.

ಅಕ್ಕ ಕುಂಬಳಕಾಯಿ ಎತ್ತಿ ಭಾವನ ಉಡ್ಯಾಗ ಇಟ್ಲು. "ಮನೀಗಿ ಒಯ್ದು ಪಲ್ಯೆ ಮಾಡಸು," ಅಂದ್ಲು. ಕೆಳಗಿಳಿದು ಬಂದು ಕುಂತ್ಲು.

ಕುಮುದಿನಿ ಸೀರಿ ಸೆರಗಿಲೇ ಕಣ್ಣು ಒರಿಸ್ಕೊಂಡು ನಳದ ಹಾಡು ಎತ್ತಿಕೊಂಡ್ಲು. ಬಾಯಿ ಕಂಡಿತು. ಏನ್ ಹೇಳ್ಲಿ, ಉಪವಾಸ ಬಿಟ್ಟಂಗ ಆತು. ಎಸ್‌ಟಿ ತುಂಬ ಬಂದ ಗಿರಣಿ ಮಂದಿ ಬಾಯಿ ತೆರೆದು, ಕಣ್ಣು ಮಿಟಕಿಸದ, ಆಕಿ ತುಟಿ ಸಂಗಾಟ ತುಟಿ ಆಡಿಸ್ಕೋತ ಕುಂತ್ವಿ. ಉಸಿರು ಬಿಟ್ಟದ್ದೂ ಗೊತ್ತಾಗಲಿಲ್ಲ.

ಬಾಗಲದಾಗ ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡಿದ್ದ ಪೇಟಿ ಮಂದಿ ಹೊಳ್ಳಿ ನೋಡಿದ್ರು. ಈಗ ತನಕಾ ಒದರಾಡಿದ ಈ ಖೋಡಿ ಮಂದಿ ಹಿಂಗ ಮೂರ್ತಿ ಆಗಿ ಕುಂತಾರಂದ್ರ, ಅಲ್ಲಿ ಏನೋ ನಡದೈತಿ. ವ್ಯಾಪಾರದ ಮಂದಿ ನೋಡ್ರಿ, ಗಿರಾಕಿ ಗದ್ದಲ ಕಂಡ್ರ ಒಳಗಿನ ಮಾಲೇನು ಅಂತ ಇಣುಕದೇ ಬಿಡಾವ್ರಲ್ಲ. ಒಬ್ಬ ಬಂದ, ಇಬ್ಬರು ಬಂದ್ರು. ಕೂಸುಗಳ ಬಾಯಿಗಿ ಕಡಬು ಇಟ್ಟು ಸುಮ್ಮ ಮಾಡಿದ್ರು. ಆ ಸುಮ್ಮದಾಗ ಕುಮುದಿನಿ ದನಿ ಮೆಲ್ಲಗ ನಡ್ಕೋತ ಹಿಂದಿನ ಕುರ್ಚಿ ತನಕಾ ಹೋತು. ಈ ಸಲ ನಡುವ ಎಲ್ಲೂ ಕೂಡ್ಲಿಲ್ಲ. ಕಡೀ ಹಾಡು ಮುಗಿಯೂ ತನಕಾ ಶೆಟ್ರು ಕೈಯಾಗ ಒಂದು ಚಪ್ಪಲಿ ಹಿಡಕೊಂಡೇ ನಿಂತಿದ್ರು.

ಮುಗಿದ ಮ್ಯಾಲ ರಾಯರು ನಮ್ಮ ಸಾಲಿಗೆ ಬಂದ್ರು. ಬಸಣ್ಣನ ಮುಂದ ನಿಂತ್ರು.

"ಭಾಳ ಮನಸಿಟ್ಟು ಕೇಳಿದ್ರಿ. ಆ ನೀರಿನ ಹಾಡಿನ ಧಾಟಿ, ಚಾಲಿ ಹಿಡಿಸ್ತೇನು?"

"ಹಿಡಿಸ್ತರೀ, ಭಾಳ ಹಿಡಿಸ್ತು."

"ಒಂದೀಟು ಹಾಡಿ ತೋರಸ್ರಿ ನೋಡೂಣು."

ಬಸಣ್ಣ ಗಂಟಲ ಸರಿ ಮಾಡ್ಕೊಂಡು ಹಾಡಿದ. ಒಂದು ಅಕ್ಷರ ತಪ್ಪಲಿಲ್ಲ. ಚಾಲಿ ಮಾತ್ರ ಮಗ್ಗದ್ದು, ಖಟಾ ಖಟ್ ಖಟಾ ಖಟ್. ಮಲಕಾಜಪ್ಪ "ಹಂಗಲ್ಲೋ" ಅಂದು ತನ್ನದೊಂದು ಹಾಡಿದ. ಅದು ಎಸ್‌ಟಿ ಕಂಡಕ್ಟರ್ ಊರ ಹೆಸರು ಕೂಗಿದಂಗ ಇತ್ತು. ನಾ ಹಾಡಿದ್ದು ಬ್ಯಾಡ. ಅನಂತ ಮಾರಿ ಮುಚ್ಕೊಂಡ.

"ಅಂದ್ರ ನೀವು ಕಿವುಡ್ರು," ಅಂದ್ರು ರಾಯರು. "ಕಿವುಡ್ರನ್ನ ಗಾಡಿ ತುಂಬಿ ಕರಕೊಂಡು ಬಂದು ಕೂಡಿಸಿದ್ರ ಅದು ಕೇಳಿದಂಗ ಆತೇನು? ಇದು ಲೆಕ್ಕಕ್ಕ ಹಿಡಿಯೂದಿಲ್ಲ."

ಕುಮುದಿನಿ ಕೈಯಾಗಿನ ತಾಳ ಕೆಳಗ ಇಟ್ಲು. ಸಪ್ಪಳ ಆಗದಂಗ ಇಟ್ಲು, ಆವಾಗೂ.

"ರಾಯ್ರ," ಅಂದ್ಲು ಗುರುಬಾಯಿ ಅಕ್ಕ. "ಕಿವಿ ಇದ್ದವ್ರು ಚಪ್ಪಲಿ ಮೆಟ್ಟಿದ್ರು. ಕಿವುಡ್ರನ್ನ ನೋಡಿ ತಿರುಗಿ ಬಂದು ಕುಂತ್ರು. ಅದು ಬಿಡ್ರಿ. ನಿಮಗ ಕೇಳೀತೋ ಇಲ್ಲೋ?"

ರಾಯರು ಪೇಪರ್ ಮಡಚಿದ್ರು. ಬಿಚ್ಚಿದ್ರು. ಮತ್ತ ಮಡಚಿದ್ರು. "ಕೇಳೀತು."

"ಎಲ್ಲಿ ಕುಂತಿದ್ರಿ?"

"ಎಲ್ಲಾರಿಗಿಂತ ಹಿಂದ."

"ಹಿಂದ ಕುಂತ್ರ ಕೇಳಸ್ತದ, ಒಂದೇ ಮನ್ಯಾಗ ಇದ್ದು ಯಾಕ ಕೇಳಸಲಿಲ್ಲ?"

ಸ್ಟೇಜಿನ ಮ್ಯಾಲಿಂದ ಕುಮುದಿನಿ ಏನೋ ಅಂದ್ಲು. ಅಪ್ಪನ ಎದುರಿಗೆ ದನಿ ಏರಿಸಿ ಗೊತ್ತಿಲ್ಲದಾಕಿ, ಎಷ್ಟ್ ಸಣ್ಣಗ ಅಂದ್ಲಂದ್ರ ಬಾಜೂ ಕುಂತ ಅನಂತಗೂ ಕೇಳಲಿಲ್ಲ.

"ಏನಂದ್ಲು?" ಅಂದ್ರು ರಾಯರು.

ನಮ್ಮ ಇಡೀ ಸಾಲು ಒಮ್ಮೆಲೆ ಒದರಿತು: "ಅಪ್ಪಾ, ನೀವು ಮಲಗಿರ್ತೀರಿ, ಅಂದ್ಲು."

ಮಂಟಪದಾಗ ಯಾರೋ ನಕ್ರು. ಶೆಟ್ರೇ ಇರಬೇಕು. ರಾಯರು ನಗಲಿಲ್ಲ. ಮಗಳನ್ನ ನೋಡಿದ್ರು, ಟಾವೆಲ್ ಹೊಚ್ಚಿದ ಢೋಲಕಿ ನೋಡಿದ್ರು, ಬಗಲಾಗಿನ ಪೇಪರ್ ನೋಡಿದ್ರು. ಆಮ್ಯಾಲ, "ನಾಳಿಂದ ಪಡಸಾಲ್ಯಾಗ ಕೂತು ಹಾಡವಾ," ಅಂದ್ರು. "ಜೋರ್ ಹಾಡು. ಆ ಟಾವೆಲ್ ತಗೀರಿ ಮೊದಲ, ಗಾಳಿಗಿ ಆಡಲಿ ಅದು."

ಮರುದಿನಾನೇ ಮಲಕಾಜಪ್ಪ ಚಹಾದ ಅಂಗಡ್ಯಾಗ ಕುಂತು ಹೇಳಿದ, "ಮುಗೀತು. ಇನ್ನ ಕೆಟ್ರು ಅವ್ರು. ಕಿಡಕಿ ಇದ್ದಾಗ ಕೇಳಬೇಕಿತ್ತು."

"ಏ, ಈಗ ಛೊಲೊ ಆಗೈತೋ," ಅಂದ ಬಸಣ್ಣ. "ಜೋರ್ ಹಾಡಾಕ ಹತ್ತಿದ ಮ್ಯಾಲ ಬಾಯಿ ಅಗಲ ತಗೀತಾಳ. ಅಕ್ಷರ ದೊಡ್ಡೂ ಆಗ್ಯಾವ. ರಸ್ತಾದ ಆ ಕಡಿಂದ ಕೇಳಸ್ತದ."

ರಾಯರು ಕೊಟ್ಟ ಮಾತು ತಪ್ಪಲಿಲ್ಲ. ಆರಾಮ ಕುರ್ಚಿ ಬಿಟ್ಟೂ ಏಳಲಿಲ್ಲ. ಒಂದು ಸಂಜಿ ಗುರುಬಾಯಿ ಅಕ್ಕ ಪಡಸಾಲಿ ಬಾಗಲದಾಗ ಇಣುಕಿ ಬಂದು, ನಕ್ಕೋತ ಕೈ ಬಡ್ಕೊಂಡು ಕುಂತ್ಲು. ಢೋಲಕಿ ಧಮಾ ಧಮಾ ನಡದಿತ್ತಂತ, ಕುಮುದಿನಿ ಮನಿ ಹಂಚು ಎದ್ದು ಕುಂಡ್ರೂ ಹಂಗ ಹಾಡಾಕತ್ತಿದ್ಲಂತ. ರಾಯರು ಪಂಢರಿನಾಥ ತಗದಿಟ್ಟ ಟಾವೆಲ್ ಎರಡೂ ಕಿವಿ ಮುಚ್ಚೂ ಹಂಗ ತಲಿಗಿ ಬಿಗದು ಕಟ್ಕೊಂಡು, ಮಗಳ ಬಾಯಿ ಬಿಟ್ಟು ಕಣ್ಣು ತಗೀದ, ತಲಿ ಹಾಕ್ಕೋತ ಕುಂತಿದ್ರಂತ.

"ಮುಂದಿನ ಸಲ ಮುಂದಿನ ಸಾಲಿನ್ಯಾಗ ಒಂದು ಜಾಗಾ ಬಿಡ್ರೋ," ಅಂದ್ಲು ಅಕ್ಕ. "ಅವ್ರೂ ನಮ್ಮ ಮಂದಿ ಆದ್ರು."